ಇಬ್ನುಲ್ ಹೈಸಮ್‌ರ 150 ದಿನಾರ್

ಬೇಸಿಗೆ ರಜೆಯಲ್ಲಿ ನಾನು ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡಿದೆ. ಕಾಲೇಜು ಶುರುವಾದ ಮೇಲೂ ದಿನಾ ಸಂಜೆ ಬರುವಂತೆ ಮಾಲೀಕರು ಕೇಳಿದರು. ಮನೆಗೆ ದುಡ್ಡು ಬೇಕಿತ್ತು, ನನಗೆ ಓದಲು ಸಂಜೆ ಬೇಕಿತ್ತು. ಈ ಗೊಂದಲದಲ್ಲಿದ್ದಾಗ ಲೈಬ್ರರಿಯಲ್ಲಿ ಇಬ್ನುಲ್ ಹೈಸಮ್‌ರ ಬಗ್ಗೆ ಓದಿದೆ.

ನಮ್ಮ ಭೌತಶಾಸ್ತ್ರದ ಬೆಳಕಿನ ಪಾಠದ ಹಿಂದಿರುವ ದೊಡ್ಡ ಹೆಸರು ಅವರದು. ಸುಮಾರು 965ರಲ್ಲಿ ಇರಾಕಿನ ಬಸ್ರಾದಲ್ಲಿ ಹುಟ್ಟಿದರು. ನೈಲ್ ನದಿಯ ನೀರನ್ನು ಹತೋಟಿಗೆ ತರಬಹುದೆಂದು ಅವರು ಆಡಿದ ಮಾತು ಈಜಿಪ್ಟಿನ ಖಲೀಫ ಅಲ್-ಹಾಕಿಮ್‌ನ ಕಿವಿಗೆ ಬಿತ್ತು. ಅವನು ಕರೆಸಿಕೊಂಡು ಜನರನ್ನೂ ಕೊಟ್ಟ. ಅಸ್ವಾನ್‌ವರೆಗೆ ಹೋಗಿ ನೋಡಿದರೆ ಅದು ಆಗುವ ಕೆಲಸವಲ್ಲ. ಹಿಂತಿರುಗಿ ಸೋಲು ಒಪ್ಪಿಕೊಂಡರು. ಖಲೀಫ ಒಂದು ಸರ್ಕಾರಿ ಹುದ್ದೆ ಕೊಟ್ಟ. ಯಾವಾಗ ಯಾರ ಮೇಲೆ ಮುನಿಯುತ್ತಾನೋ ತಿಳಿಯದ ದೊರೆ. ಬೇಡವೆನ್ನುವ ಹಾಗಿಲ್ಲ, ಇರುವ ಹಾಗೂ ಇಲ್ಲ. ಹುಚ್ಚು ಹಿಡಿದವರಂತೆ ನಟಿಸಿ ಮನೆಯಲ್ಲೇ ಬಂಧಿಯಾದರು. 1021ರಲ್ಲಿ ಖಲೀಫ ಕಾಣೆಯಾದ ಮೇಲೆ ಆ ಹುಚ್ಚು ತಾನಾಗಿಯೇ ಬಿಟ್ಟಿತು!

ನನ್ನನ್ನು ಹಿಡಿದು ನಿಲ್ಲಿಸಿದ್ದು ಆಮೇಲಿನ ಕಥೆ. ಚರಿತ್ರೆಕಾರ ಅಲ್-ಕಿಫ್ತಿ ಬರೆದಿರುವಂತೆ, ಅವರು ಕೈರೋದ ಅಲ್-ಅಝ್‌ಹರ್ ಮಸೀದಿಯ ಬಾಗಿಲ ಬಳಿ ನೆಲೆಸಿದರು. ವರ್ಷಕ್ಕೊಮ್ಮೆ ಯೂಕ್ಲಿಡ್‌ನ ರೇಖಾಗಣಿತ, ಟಾಲೆಮಿಯ ಅಲ್‌ಮಜೆಸ್ಟ್, ಇವೆರಡರ ನಡುವೆ ಓದಬೇಕಾದ ಗ್ರಂಥಗಳು, ಇಷ್ಟನ್ನು ಕೈಯಾರೆ ನಕಲು ಮಾಡಿ 150 ದಿನಾರ್‌ಗೆ ಮಾರುತ್ತಿದ್ದರು. ಚೌಕಾಸಿ ಇಲ್ಲ. ಅದೇ ಅವರ ವರ್ಷದ ಖರ್ಚು.

ಇನ್ನೂ ಒಂದು ಪ್ರತಿ ಬರೆದಿದ್ದರೆ ಇನ್ನೂ 150 ಬರುತ್ತಿತ್ತಲ್ಲ ಎಂದು ನನಗೆ ಮೊದಲು ಅನ್ನಿಸಿತು. ಆದರೆ ಉಳಿದ ದಿನಗಳನ್ನು ಅವರು ಮಾರಲಿಲ್ಲ. ಅವರ ಕಿತಾಬುಲ್ ಮನಾಝಿರ್ 7 ಭಾಗಗಳ ಗ್ರಂಥ. ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುವುದಿಲ್ಲ, ವಸ್ತುವಿನಿಂದಲೇ ಬೆಳಕು ಕಣ್ಣಿಗೆ ಬರುತ್ತದೆ ಎಂದು ಅದರಲ್ಲಿ ತೋರಿಸಿದರು. ಕತ್ತಲೆ ಕೋಣೆ, ಸಣ್ಣ ರಂಧ್ರ, ಸಾಲು ದೀಪಗಳು. ಪ್ರಯೋಗವೆಂದರೆ ದಿನಗಳನ್ನು ನುಂಗುವ ಕೆಲಸ. ನಕಲು ಮಾಡಿದ ದಿನಗಳೂ ಬರೀ ಕೂಲಿಯಾಗಿರಲಿಲ್ಲ. ಟಾಲೆಮಿಯ ತಪ್ಪುಗಳನ್ನೇ ಕುರಿತು ಅವರು ಬೇರೊಂದು ಪುಸ್ತಕ ಬರೆದಿದ್ದಾರೆ. ಅಲ್‌ಮಜೆಸ್ಟನ್ನು ಸಾಲುಸಾಲಾಗಿ ಬರೆದ ಕೈಗೆ ಅದರ ಬಿರುಕುಗಳು ತಾಗಿರಬೇಕು, ಇದು ನನ್ನ ಊಹೆ. ಸುಮಾರು 1040ರಲ್ಲಿ ಕೈರೋದಲ್ಲೇ ತೀರಿಕೊಂಡರು.

ಅಂದು ರಾತ್ರಿ ಅಮ್ಮಿಯ ಜೊತೆ ಕೂತು ಫೀಸು, ಬಸ್ ಪಾಸು, ಪುಸ್ತಕ ಎಲ್ಲದರ ಲೆಕ್ಕ ಹಾಕಿದೆ. ರಜೆಯ ಸಂಬಳ ಉಳಿದಿದೆ. ಭಾನುವಾರಗಳ ದುಡಿಮೆ ಸೇರಿದರೆ ಹೇಗೋ ಸಾಗುತ್ತದೆ. ಭಾನುವಾರ ಮಾತ್ರ ಬರುತ್ತೇನೆಂದು ಮಾಲೀಕರಿಗೆ ಹೇಳಿದ್ದೇನೆ. ಅವರು ಇನ್ನೂ ಉತ್ತರ ಕೊಟ್ಟಿಲ್ಲ.