ಅನಂತಸ್ವಾಮಿಯವರ ರಾಗ, ಅಭಿಮಾನಿಗಳ ವಾಗ್ವಾದ

ಒಂದು ಹಾಡಿನ ಧಾಟಿಗಾಗಿ ಸರ್ಕಾರ ಸಮಿತಿಯ ಮೇಲೆ ಸಮಿತಿ ರಚಿಸಿದ್ದು, ಕಡೆಗೆ ಆ ವ್ಯಾಜ್ಯ ಹೈಕೋರ್ಟಿನ ಮೆಟ್ಟಿಲೇರಿದ್ದು ಕನ್ನಡ ನಾಡಿನಲ್ಲಿ ಮಾತ್ರವೇ ಇರಬೇಕು. ಹಾಡು ಕುವೆಂಪು ಅವರದು, ನಾಡಗೀತೆ. ಸರ್ಕಾರ ಒಪ್ಪಿಕೊಂಡ ಧಾಟಿ ಮೈಸೂರು ಅನಂತಸ್ವಾಮಿ ಅವರದು. ಈ ವಿವಾದ ಹುಟ್ಟುವ ಹೊತ್ತಿಗೆ ಅನಂತಸ್ವಾಮಿ ಅವರು ಇರಲಿಲ್ಲ ಎಂಬುದು ಗಮನಾರ್ಹ. 1995ರ ಜನವರಿ 9ರಂದು, ತಮ್ಮ ಐವತ್ತೊಂಬತ್ತನೆಯ ಹುಟ್ಟುಹಬ್ಬಕ್ಕೆ ಇನ್ನು ಹತ್ತು ದಿನಗಳಿರುವಾಗ ಅವರು ಕಣ್ಮುಚ್ಚಿದ್ದರು.

ಸುಗಮ ಸಂಗೀತದ ಅಭಿಮಾನಿಗಳಲ್ಲಿ ಎರಡು ಪಕ್ಷಗಳಿವೆ. ಒಂದು ಅನಂತಸ್ವಾಮಿ ಪಕ್ಷ, ಇನ್ನೊಂದು ಸಿ. ಅಶ್ವತ್ಥ್ ಪಕ್ಷ. ಬಸವನಗುಡಿಯ ಗಾಂಧಿ ಬಜಾರಿನಲ್ಲಿ ಈ ಎರಡೂ ಪಕ್ಷದವರು ಧಾರಾಳವಾಗಿ ಸಿಗುತ್ತಾರೆ. 1943ರಿಂದ ನಡೆದು ಬಂದಿರುವ ವಿದ್ಯಾರ್ಥಿ ಭವನದ ಮುಂದೆ ದೋಸೆಗೆ ಕಾಯುವವರ ನಡುವೆ, ಹೂವಿನ ಸಾಲು ದಾಟಿ ಪುಸ್ತಕದಂಗಡಿಗೆ ಹೋಗುವವರ ನಡುವೆ ಈ ಚರ್ಚೆ ಒಮ್ಮೆ ಶುರುವಾದರೆ ಬೇಗ ಮುಗಿಯುವುದಿಲ್ಲ. ಅಶ್ವತ್ಥ್ ಪಕ್ಷದವರಿಗೆ ಇಲ್ಲಿ ನೆಲದ ಬಲವೂ ಉಂಟು; ಅವರು ವಾಸವಿದ್ದ ಎನ್.ಆರ್. ಕಾಲೋನಿ ಕೂಗಳತೆಯ ದೂರ, ಅವರ ಹೆಸರಿನ ಕಲಾಭವನವೂ ಅಲ್ಲಿಯೇ ಇದೆ. ಅನಂತಸ್ವಾಮಿ ಪಕ್ಷದವರಿಗಿರುವ ಆಧಾರ ಬೇರೆ ಬಗೆಯದು. ಅವರ ಕೀರ್ತಿಯನ್ನು ಮನೆಮನೆಗೆ ಒಯ್ದ ಕವಿತೆಗಳನ್ನು ಬರೆದ ಕೆ.ಎಸ್. ನಿಸಾರ್ ಅಹಮದ್ ಅವರ ಮೊದಲ ಸಂಕಲನದ ಹೆಸರೇ ‘ಮನಸು ಗಾಂಧಿಬಜಾರು’. ಅದು ಪ್ರಕಟವಾದದ್ದು 1960ರಲ್ಲಿ.

ಅನಂತಸ್ವಾಮಿ ಹುಟ್ಟಿದ್ದು 1936ರ ಜನವರಿ 19ರಂದು, ಮೈಸೂರಿನಲ್ಲಿ. ಸಂಗೀತ ಅವರಿಗೆ ಮನೆಯ ಸ್ವತ್ತು. ತಾತ ಚಿಕ್ಕರಾಮರಾಯರು ಮೈಸೂರು ಅರಮನೆಯ ಆಸ್ಥಾನ ವಿದ್ವಾಂಸರಾಗಿದ್ದವರು. ಅಂಥ ಮನೆತನದ ಹುಡುಗ ಶಾಸ್ತ್ರೀಯ ಸಂಗೀತದ ಕಛೇರಿ ವೇದಿಕೆಯನ್ನು ಹತ್ತುವುದು ಸಹಜವಾದ ದಾರಿಯಾಗಿತ್ತು. ಅನಂತಸ್ವಾಮಿ ಹಿಡಿದದ್ದು ಆ ದಾರಿಯನ್ನಲ್ಲ. ಕೀರ್ತನೆಯ ಜಾಗದಲ್ಲಿ ಹೊಸಗನ್ನಡದ ಕವಿತೆಯನ್ನು ಇಟ್ಟುಕೊಂಡು ಅವರು ಹಾಡಿದರು.

ಆ ದಾರಿಯನ್ನು ಕಡಿದವರು ಪಿ. ಕಾಳಿಂಗರಾಯರು (1914–1981). ನವೋದಯದ ಕವಿಗಳ ಸಾಲುಗಳನ್ನು ಪುಸ್ತಕದಿಂದ ಎತ್ತಿ ಸಭೆಯ ನಡುವೆ ನಿಲ್ಲಿಸಿದ ಕೀರ್ತಿ ಅವರದು. ಆದರೆ ಅವರ ಹಾಡು ಅವರ ಕಂಠಕ್ಕೆ ಕಟ್ಟಿಹಾಕಿಕೊಂಡಂಥದ್ದು. ಮತ್ತೊಬ್ಬರು ಹಾಡಿದರೆ ಅನುಕರಣೆಯಂತೆ ಕೇಳಿಸುತ್ತಿತ್ತು. ಅನಂತಸ್ವಾಮಿ ಮಾಡಿದ ಕೆಲಸ ಈ ಕಟ್ಟನ್ನು ಬಿಡಿಸಿದ್ದು. ಅವರ ಧಾಟಿಗಳನ್ನು ಯಾರು ಬೇಕಾದರೂ ಹಾಡಬಹುದಾಗಿತ್ತು. ಶಾಲೆಯ ಮಕ್ಕಳು, ಗಣೇಶೋತ್ಸವದ ಪೆಂಡಾಲಿನಲ್ಲಿ ಧೈರ್ಯ ಮಾಡಿ ಮೈಕು ಹಿಡಿದ ಗುಮಾಸ್ತರು, ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತ ಗುನುಗುವ ಗೃಹಿಣಿಯರು ಎಲ್ಲರಿಗೂ ಅದು ಒಗ್ಗುತ್ತಿತ್ತು. ಇದನ್ನು ಸರಳ ಎಂದು ಕರೆದು ಕೈತೊಳೆದುಕೊಳ್ಳುವವರು ಒಮ್ಮೆ ಸ್ವತಃ ಒಂದು ಭಾವಗೀತೆಗೆ ಧಾಟಿ ಕಟ್ಟಿ ನೋಡಬೇಕು.

1978ರಲ್ಲಿ ‘ನಿತ್ಯೋತ್ಸವ’ ಧ್ವನಿಸುರುಳಿ ಹೊರಬಂತು. ಕನ್ನಡದ ಮೊದಲ ಭಾವಗೀತೆಗಳ ಧ್ವನಿಸುರುಳಿ ಎಂಬ ಹೆಗ್ಗಳಿಕೆ ಇದರದು. ಕವಿತೆಗಳು ನಿಸಾರ್ ಅಹಮದ್ ಅವರವು, ಸಂಗೀತ ಅನಂತಸ್ವಾಮಿಯವರದು. ಕವಿ ಮತ್ತು ಸಂಗೀತಗಾರ ಇಬ್ಬರೂ 1936ರಲ್ಲಿ, ಮೂರು ವಾರಗಳೂ ತುಂಬದ ಅಂತರದಲ್ಲಿ ಹುಟ್ಟಿದವರು. ನಿಸಾರರ ಜನ್ಮದಿನ ಫೆಬ್ರವರಿ 5. ಒಬ್ಬರು ಭೂವಿಜ್ಞಾನದ ಅಧ್ಯಾಪಕರು, ಇನ್ನೊಬ್ಬರು ವಿದ್ವಾಂಸರ ಮನೆತನದವರು. ಅಲ್ಲಿಯವರೆಗೆ ಕವನ ಸಂಕಲನವೊಂದರ ಸಾವಿರ ಪ್ರತಿ ಖರ್ಚಾಗಲು ವರ್ಷಗಳೇ ಬೇಕಾಗುತ್ತಿದ್ದ ನಾಡಿನಲ್ಲಿ, ಪುಸ್ತಕವನ್ನೇ ಮುಟ್ಟದವರ ಬಾಯಲ್ಲೂ ಕವಿಯ ಹೆಸರು ಬಂತು. ನಿಸಾರರನ್ನು ಅವರ ಜೀವಮಾನವಿಡೀ, 2020ರ ಮೇ 3ರಂದು ಅವರು ತೀರಿಕೊಂಡ ದಿನದ ಪತ್ರಿಕೆಗಳಲ್ಲೂ, ನಿತ್ಯೋತ್ಸವದ ಕವಿ ಎಂದೇ ಕರೆಯಲಾಯಿತು. ಕವಿಗೆ ಅದು ಬಿರುದೂ ಹೌದು, ಭಾರವೂ ಹೌದು. ಅವರ ಉಳಿದ ಸಂಕಲನಗಳು ಈ ಒಂದು ಹಾಡಿನ ನೆರಳಿನಲ್ಲೇ ಉಳಿದವು ಎಂದು ಕೊರಗುವ ಓದುಗರಿದ್ದಾರೆ. ಅವರ ಕೊರಗಿನಲ್ಲಿ ಹುರುಳಿಲ್ಲದಿಲ್ಲ.

ಧ್ವನಿಸುರುಳಿ ಎಂಬ ವಸ್ತುವಿನ ಗುಣವನ್ನೂ ಇಲ್ಲಿ ಹೇಳಬೇಕು. ಪ್ರತಿ ಬದಿಗೆ ಸುಮಾರು ಅರ್ಧ ಗಂಟೆ. ಎರಡೂ ಬದಿಗೆ ಸೇರಿ ಎಂಟೋ ಹತ್ತೋ ಹಾಡು. ಆಕಾಶವಾಣಿಯಲ್ಲಿ ಒಂದು ಹಾಡು ಬಂದರೆ ಕೇಳಬೇಕು, ಹೋದರೆ ಹೋಯಿತು. ಸುರುಳಿ ಹಾಗಲ್ಲ. ಹಿಂದಕ್ಕೆ ಸುತ್ತಿಸಿ ಮತ್ತೆ ಕೇಳಬಹುದು, ಹಾಡುಗಳನ್ನು ಒಂದರ ಪಕ್ಕ ಒಂದಿಟ್ಟು ತೂಗಬಹುದು, ಪಕ್ಕದ ಮನೆಯವರಿಂದ ಎರವಲು ತಂದು ನಕಲು ಮಾಡಿಕೊಳ್ಳಬಹುದು. ಅಭಿಮಾನಿ ವಿಮರ್ಶಕನಾದದ್ದು ಹೀಗೆ. ಯಾವ ಸುರುಳಿಯ ಯಾವ ಬದಿ ಗಟ್ಟಿ, ಎಲ್ಲಿ ಸ್ವರ ಸಂಯೋಜಕರು ದಣಿದಿದ್ದಾರೆ, ಯಾವ ಹಾಡನ್ನು ಕೇವಲ ಜಾಗ ತುಂಬಲು ಸೇರಿಸಿದ್ದಾರೆ ಎಂಬ ಲೆಕ್ಕಾಚಾರ ಅಂದಿನಿಂದ ಆರಂಭವಾಯಿತು. ಎಂಬತ್ತರ ದಶಕದಲ್ಲಿ ಭಾವಗೀತೆಗಳ ಸುರುಳಿಗಳು ಒಂದರ ಹಿಂದೊಂದು ಬಂದಾಗ ಈ ಲೆಕ್ಕ ಇನ್ನಷ್ಟು ಖಾರವಾಯಿತು.

ಹಾಗಾದರೆ ಅನಂತಸ್ವಾಮಿಯವರ ಏರು ಎಲ್ಲಿ, ಇಳಿವು ಎಲ್ಲಿ?

ಏರಿನ ಬಗೆಗೆ ಹೆಚ್ಚು ತಕರಾರಿಲ್ಲ. ‘ನಿತ್ಯೋತ್ಸವ’ದ ಜೊತೆಗೆ ಜಿ.ಪಿ. ರಾಜರತ್ನಂ ಅವರ ‘ರತ್ನನ ಪದಗಳು’ ಅವರ ಶಿಖರ ಎನ್ನುವವರೇ ಬಹುಮಂದಿ. ನನ್ನ ಮತವನ್ನೇ ಹೇಳುವುದಾದರೆ ಎರಡನೆಯದಕ್ಕೆ ಒಂದು ಗುಲಗಂಜಿ ತೂಕ ಹೆಚ್ಚು. ಪಾಲಿ ಭಾಷೆಯನ್ನು, ಬೌದ್ಧ ಸಾಹಿತ್ಯವನ್ನು ಅರೆದು ಕುಡಿದಿದ್ದ ಪಂಡಿತರೊಬ್ಬರು ಹೆಂಡಗುಡುಕನ ಬಾಯಿಂದ, ಅವನದೇ ಆಡುಮಾತಿನಲ್ಲಿ ಹೇಳಿಸಿದ ಪದಗಳವು. ಅವನ್ನು ಹಾಡುವವರಿಗೆ ಎರಡು ಅಪಾಯ. ಕುಡುಕನನ್ನು ನಟಿಸಲು ಹೋದರೆ ಹಾಡು ನಗೆಪಾಟಲಾಗುತ್ತದೆ. ರಾಗದ ಅಚ್ಚುಕಟ್ಟಿಗೆ ಒಳಗಾಗಿಸಿದರೆ ರತ್ನ ಸತ್ತೇಹೋಗುತ್ತಾನೆ. ಅನಂತಸ್ವಾಮಿ ಈ ಎರಡರ ನಡುವೆ ಸಣ್ಣದೊಂದು ಜಾಗ ಕಂಡುಕೊಂಡರು. ಅವರ ರತ್ನ ತೂರಾಡುತ್ತಾನೆ, ಆದರೆ ಶ್ರುತಿ ತಪ್ಪುವುದಿಲ್ಲ. ನಗುತ್ತ ಕೇಳುತ್ತಿದ್ದವರು ಕೊನೆಯ ನುಡಿಗೆ ಬರುವ ಹೊತ್ತಿಗೆ ಸುಮ್ಮನಾಗುತ್ತಾರೆ. ಮುಂದೆ ಇದೇ ಪದಗಳನ್ನು ಅವರ ಮಗ ರಾಜು ಅನಂತಸ್ವಾಮಿ ಹಾಡತೊಡಗಿದಾಗ ಹೊಸ ತಲೆಮಾರಿಗೆ ರತ್ನ ಮತ್ತೊಮ್ಮೆ ಪರಿಚಯವಾದ. ತಂದೆಯದು ಮೇಲೋ ಮಗನದು ಮೇಲೋ ಎಂಬ ಇನ್ನೊಂದು ಉಪವಾದವೂ ಹುಟ್ಟಿಕೊಂಡಿತು!

ಕುವೆಂಪು, ಜಿ.ಎಸ್. ಶಿವರುದ್ರಪ್ಪ ಅವರ ಕವಿತೆಗಳಿಗೆ ಅವರು ಹಾಕಿದ ಸ್ವರಗಳು ಇಂದಿಗೂ ಸ್ಪರ್ಧೆಗಳಲ್ಲಿ ಕೇಳಿಬರುತ್ತವೆ. ನವ್ಯದ ವಿಡಂಬನೆಯಾದ ನಿಸಾರರ ‘ಕುರಿಗಳು ಸಾರ್ ಕುರಿಗಳು’ ಕವಿತೆಯನ್ನೂ ಅವರು ಹಾಡಾಗಿಸಿದರು. ವ್ಯಂಗ್ಯವನ್ನು ಹಾಡಲು ಬರುವುದಿಲ್ಲ ಎಂಬ ಅಭಿಪ್ರಾಯಕ್ಕೆ ಅದು ಉತ್ತರವಾಗಿ ನಿಂತಿದೆ.

ಇಳಿವಿನ ಮಾತು ಬಂದಾಗ ಪಕ್ಷಗಳು ಬಿಸಿಯಾಗುತ್ತವೆ. ಅನಂತಸ್ವಾಮಿಯವರ ಧಾಟಿಗಳು ಒಂದನ್ನೊಂದು ಹೋಲುತ್ತವೆ, ಪಲ್ಲವಿ ಕೇಳಿದರೆ ಚರಣವನ್ನು ಊಹಿಸಬಹುದು, ವಾದ್ಯಗಳಿಗೆ ಅವರು ಕೊಟ್ಟ ಕೆಲಸ ಕಡಿಮೆ ಎಂಬುದು ಎದುರು ಪಕ್ಷದ ಆಕ್ಷೇಪ. ಅಶ್ವತ್ಥ್ ಅವರ ದಾರಿ ಇದಕ್ಕೆ ತೀರ ವಿರುದ್ಧವಾದದ್ದು. ‘ಕಾಕನಕೋಟೆ’ (1977), ‘ಸಂತ ಶಿಶುನಾಳ ಶರೀಫ’ (1990), ‘ಮೈಸೂರು ಮಲ್ಲಿಗೆ’ (1992) ಚಿತ್ರಗಳಿಗೆ ಸಂಗೀತ ಕೊಟ್ಟ ಅವರು ಹಾಡನ್ನು ನಾಟಕದ ದೃಶ್ಯದಂತೆ ಕಟ್ಟುತ್ತಿದ್ದರು. ತಾರಸ್ಥಾಯಿಯ ಏರಿಕೆ, ದಿಢೀರ್ ಮೌನ, ಹಿಂದೆ ಗುಂಪಿನ ದನಿ. 2005ರಲ್ಲಿ ಅರಮನೆ ಮೈದಾನದಲ್ಲಿ ನಡೆದ ‘ಕನ್ನಡವೇ ಸತ್ಯ’ ಆ ಶೈಲಿಗೆ ತಕ್ಕ ಅಂಗಳವಾಗಿತ್ತು. ಅನಂತಸ್ವಾಮಿಯವರನ್ನು ಅಂಥ ಮೈದಾನದಲ್ಲಿ ಕಲ್ಪಿಸಿಕೊಳ್ಳುವುದು ಕಷ್ಟ. ಅವರದು ಹಜಾರದ ಸಂಗೀತ, ನಲವತ್ತು ಐವತ್ತು ಮಂದಿ ಜಮಖಾನದ ಮೇಲೆ ಕುಳಿತು ಕೇಳುವಂಥದ್ದು.

ಆಕ್ಷೇಪದಲ್ಲಿ ಸತ್ಯಾಂಶವಿಲ್ಲವೆಂದಲ್ಲ. ಸಾಲುಸಾಲಾಗಿ ಕೇಳಿದರೆ ಅವರ ಕೆಲವು ಹಾಡುಗಳು ಒಂದೇ ಗಾಡಿಯ ಡಬ್ಬಿಗಳಂತೆ ಸಾಗುವುದುಂಟು. ಆದರೆ ಈ ಸಮಾನತೆ ಸೋಮಾರಿತನದ್ದಲ್ಲ ಎಂಬುದು ಗಮನವಿಟ್ಟು ಕೇಳಿದವರಿಗೆ ತಿಳಿಯುತ್ತದೆ. ಶಬ್ದ ಎಲ್ಲಿ ಒಡೆಯಬಾರದೋ ಅಲ್ಲಿ ಅವರು ಒಡೆಯುವುದಿಲ್ಲ. ಒತ್ತಕ್ಷರ ಎಲ್ಲಿ ಬೀಳುತ್ತದೋ ತಾಳದ ಪೆಟ್ಟೂ ಸಾಮಾನ್ಯವಾಗಿ ಅಲ್ಲಿಗೇ ಬರುತ್ತದೆ. ಪುಸ್ತಕ ಕೈಯಲ್ಲಿಲ್ಲದೆ ಅವರ ಹಾಡಿನಿಂದಲೇ ಇಡೀ ಕವಿತೆಯನ್ನು ತಪ್ಪಿಲ್ಲದೆ ಬರೆದುಕೊಳ್ಳಬಹುದು. ಎಲ್ಲ ಸಂಗೀತಗಾರರ ವಿಷಯದಲ್ಲಿ ಈ ಮಾತು ಹೇಳಲಾಗದು.

ಅವರು ತೀರಿಕೊಂಡ ಬಳಿಕ ರಾಜು ಹಾಗೂ ಮಗಳು ಸುನೀತಾ ಅನಂತಸ್ವಾಮಿ ತಂದೆಯ ಹಾಡುಗಳನ್ನು ವೇದಿಕೆಯಲ್ಲಿ ಮುಂದುವರಿಸಿದರು. ರಾಜು ನಲವತ್ತು ತುಂಬುವ ಮುನ್ನವೇ, 2009ರ ಜನವರಿ 17ರಂದು ಅಗಲಿದರು. ತಂದೆಯ ಹುಟ್ಟು ಸಾವುಗಳ ತಿಂಗಳಲ್ಲಿಯೇ ಮಗನೂ ಹೋದದ್ದು ಆಪ್ತ ವಲಯವನ್ನು ಕಂಗೆಡಿಸಿತು. ಅದೇ ವರ್ಷದ ಡಿಸೆಂಬರ್ 29ರಂದು ಅಶ್ವತ್ಥ್ ಕೂಡ ಇಲ್ಲವಾದರು.

ಈ ನಡುವೆ ಅಭಿಮಾನಿಗಳ ಹರಟೆಯಾಗಿದ್ದ ವಿಷಯ ರಾಜ್ಯದ ಕಡತವಾಗಿ ಬದಲಾಗಿತ್ತು. 2004ರ ಜನವರಿ 6ರಂದು ಕುವೆಂಪು ಅವರ ಗೀತೆಯನ್ನು ನಾಡಗೀತೆ ಎಂದು ಸರ್ಕಾರ ಘೋಷಿಸಿತು. ಸಾಹಿತ್ಯ ನಿಶ್ಚಯವಾಯಿತು, ಧಾಟಿ ಆಗಲಿಲ್ಲ. ಅನಂತಸ್ವಾಮಿಯವರದು ಒಂದು, ಅಶ್ವತ್ಥ್ ಅವರದು ಒಂದು. ಒಂದು ಸಮಾರಂಭದಲ್ಲಿ ಇದು, ಮತ್ತೊಂದರಲ್ಲಿ ಅದು. ಗೀತೆಯೂ ದೀರ್ಘವಾದದ್ದು, ರಾಷ್ಟ್ರಗೀತೆ 52 ಸೆಕೆಂಡುಗಳಲ್ಲಿ ಮುಗಿದರೆ, ಇಲ್ಲಿ ಆಲಾಪ, ಪುನರಾವರ್ತನೆ ಸೇರಿಸಿಕೊಂಡು ಹಾಡುವವರ ಉತ್ಸಾಹಕ್ಕೆ ಮಿತಿಯಿರಲಿಲ್ಲ. ಎದ್ದು ನಿಂತ ಹಿರಿಯರ ಕಾಲು ಸೋಲುತ್ತಿತ್ತು. ಹಲವು ಸಮಿತಿಗಳು ಬಂದು ಹೋದವು. ಕೊನೆಗೆ ಹಿರಿಯ ಗಾಯಕಿ ಎಚ್.ಆರ್. ಲೀಲಾವತಿ ಅವರ ಅಧ್ಯಕ್ಷತೆಯ ಸಮಿತಿ ಅನಂತಸ್ವಾಮಿಯವರ ಧಾಟಿಯನ್ನು ಶಿಫಾರಸು ಮಾಡಿತು. 2022ರಲ್ಲಿ ಸರ್ಕಾರ ಅದನ್ನು ಒಪ್ಪಿತು. ಆಲಾಪವಿಲ್ಲ, ಪುನರಾವರ್ತನೆಯಿಲ್ಲ, ಪೂರ್ಣ ಪಾಠ 2 ನಿಮಿಷ 30 ಸೆಕೆಂಡುಗಳಲ್ಲಿ ಮುಗಿಯಬೇಕು.

ಶಬ್ದಕ್ಕೆ ಉಸಿರಾಡಲು ಜಾಗ ಬಿಡುತ್ತಿದ್ದವರ ಧಾಟಿಗೆ ಗಡಿಯಾರದ ಮುಳ್ಳು ಕಟ್ಟಬೇಕಾಯಿತೆಂಬುದು ವಿಚಿತ್ರವೇ. ಆದರೆ ಸಾವಿರಾರು ಶಾಲೆಗಳಲ್ಲಿ, ಪಕ್ಕವಾದ್ಯವಿಲ್ಲದೆ, ಶ್ರುತಿಪೆಟ್ಟಿಗೆಯೂ ಇಲ್ಲದೆ ಮಕ್ಕಳು ಒಟ್ಟಿಗೆ ಹಾಡಬೇಕಾದ ಗೀತೆಗೆ ಯಾವ ಧಾಟಿ ತಡೆದುಕೊಳ್ಳುತ್ತದೆ ಎಂದು ಕೇಳಿದರೆ ಸಮಿತಿಯ ಆಯ್ಕೆಯನ್ನು ತಪ್ಪೆನ್ನಲಾಗದು. ಎದುರು ಪಕ್ಷ ಇದನ್ನು ಒಪ್ಪಲಿಲ್ಲ. ಅಶ್ವತ್ಥ್ ಪರಂಪರೆಯ ಗಾಯಕರೊಬ್ಬರು ಆದೇಶವನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದರು. ವಿಚಾರಣೆಯ ವೇಳೆ ನ್ಯಾಯಾಲಯದ ಸಭಾಂಗಣದಲ್ಲೇ ನಾಡಗೀತೆಯನ್ನು ಹಾಡಿ ತೋರಿಸಿದ್ದೂ ಆಯಿತು. 2024ರಲ್ಲಿ ಅರ್ಜಿ ವಜಾಗೊಂಡಿತು.

ಆದೇಶದ ಹಾಳೆಯಲ್ಲಿ ಈಗ ಅನಂತಸ್ವಾಮಿಯವರ ಹೆಸರಿದೆ. ಗಾಂಧಿ ಬಜಾರಿನ ಅಶ್ವತ್ಥ್ ಪಕ್ಷದವರು ಮಾತ್ರ, ನ್ಯಾಯಾಲಯ ತೀರ್ಮಾನಿಸಿದ್ದು ಆದೇಶದ ಸಿಂಧುತ್ವವನ್ನೇ ಹೊರತು ಧಾಟಿಯ ಸೊಗಸನ್ನಲ್ಲ ಎಂದು ವಾದಿಸುತ್ತ ಇನ್ನೊಂದು ಲೋಟ ಕಾಫಿಗೆ ಹೇಳುತ್ತಾರೆ.