ಡಾ. ವಿಲಿಯಂ ವಿದರಿಂಗ್: ವಿಷದ ಗಿಡದಿಂದ ಹೃದಯದ ಮದ್ದು

ನಿಮ್ಮ ಮನೆಯ ಹಿರಿಯರು ಯಾರಾದರೂ ಹೃದಯದ ಕಾಯಿಲೆಗೆ ಡಿಗಾಕ್ಸಿನ್ ಎಂಬ ಸಣ್ಣ ಮಾತ್ರೆ ನುಂಗುವುದನ್ನು ನೀವು ಕಂಡಿರಬಹುದು. ಅದರ ಹಿಂದೆ ಇನ್ನೂರು ವರ್ಷಗಳಿಗೂ ಹಿಂದೆ ಬಾಳಿದ ವೈದ್ಯರೊಬ್ಬರ ಪರಿಶ್ರಮವಿದೆ.

ವಿಲಿಯಂ ವಿದರಿಂಗ್ 1741ರಲ್ಲಿ ಇಂಗ್ಲೆಂಡಿನ ಶ್ರಾಪ್‌ಶೈರ್‌ನ ವೆಲ್ಲಿಂಗ್ಟನ್ ಎಂಬಲ್ಲಿ ಜನಿಸಿದರು. 1766ರಲ್ಲಿ ಎಡಿನ್‌ಬರೋದಲ್ಲಿ ವೈದ್ಯ ಪದವಿ ಪಡೆದರು. ಓದುವಾಗ ಅವರಿಗೆ ಸಸ್ಯಶಾಸ್ತ್ರವೆಂದರೆ ಬೇಸರ. ಆದರೆ ಸ್ಟಾಫರ್ಡ್‌ನಲ್ಲಿ ವೃತ್ತಿ ಆರಂಭಿಸಿದ ಮೇಲೆ, ಹೂಗಳ ಚಿತ್ರ ಬರೆಯುತ್ತಿದ್ದ ಹೆಲೆನಾ ಕುಕ್ಸ್ ಅವರಿಗಾಗಿ ಗಿಡಗಳನ್ನು ಹುಡುಕುತ್ತಾ ಆ ವಿಷಯದಲ್ಲೇ ಪಂಡಿತರಾದರು. 1772ರಲ್ಲಿ ಇಬ್ಬರ ವಿವಾಹವಾಯಿತು. ಬರ್ಮಿಂಗ್‌ಹ್ಯಾಮ್‌ಗೆ ಬಂದ ಮೇಲೆ ಅವರು ಬಡರೋಗಿಗಳನ್ನು ಉಚಿತವಾಗಿ ನೋಡುತ್ತಿದ್ದರು.

1775ರಲ್ಲಿ ಮೈಯಲ್ಲಿ ನೀರು ತುಂಬಿ ಊದಿಕೊಳ್ಳುವ ರೋಗಕ್ಕೆ ಶ್ರಾಪ್‌ಶೈರ್‌ನ ವೃದ್ಧೆಯೊಬ್ಬರು ಗುಟ್ಟಾಗಿಟ್ಟಿದ್ದ ನಾಟಿ ಮದ್ದೊಂದು ಅವರ ಗಮನಕ್ಕೆ ಬಂತು. ಅದರಲ್ಲಿ ಇಪ್ಪತ್ತಕ್ಕೂ ಹೆಚ್ಚು ಸೊಪ್ಪುಗಳಿದ್ದವು. ಕೆಲಸ ಮಾಡುವುದು ಫಾಕ್ಸ್‌ಗ್ಲೋವ್ ಒಂದೇ ಎಂದು ಅವರು ಗುರುತಿಸಿದರು. ಅದು ವಿಷದ ಗಿಡ. ಸ್ವಲ್ಪ ಹೆಚ್ಚಾದರೆ ವಾಂತಿಯಾಗಿ, ನಾಡಿ ಕುಸಿದು ಪ್ರಾಣವೇ ಹೋಗಬಹುದು. ಹತ್ತು ವರ್ಷ ಅವರು ಎಲೆಯನ್ನು ಒಣಗಿಸಿ ಪುಡಿ ಮಾಡಿ, ತೂಗಿ ಕೊಟ್ಟು ಪರಿಣಾಮವನ್ನು ಬರೆದಿಟ್ಟರು. 1785ರಲ್ಲಿ ಪ್ರಕಟವಾದ ಅವರ ಗ್ರಂಥದಲ್ಲಿ ಗುಣವಾದವರ ಜೊತೆಗೆ ಗುಣವಾಗದವರ ವಿವರವೂ ಇದೆ.

ಈ ಮದ್ದು ಹೇಗೆ ಕೆಲಸ ಮಾಡುತ್ತದೆಂಬುದು ಅವರ ಕಾಲದಲ್ಲಿ ತಿಳಿದಿರಲಿಲ್ಲ. 1957ರಲ್ಲಿ ಡೆನ್ಮಾರ್ಕಿನ ಜೆನ್ಸ್ ಸ್ಕೌ ಅವರು ಏಡಿಯ ನರಗಳಲ್ಲಿ ಸೋಡಿಯಂ–ಪೊಟ್ಯಾಸಿಯಂ ಪಂಪ್ ಎಂಬ ಕಿಣ್ವವನ್ನು ಕಂಡುಹಿಡಿದರು. ಇದಕ್ಕಾಗಿ 1997ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ನಮ್ಮ ಜೀವಕೋಶಗಳ ಪೊರೆಯಲ್ಲಿರುವ ಈ ಪಂಪ್ ಒಂದು ಎಟಿಪಿ ಕಣವನ್ನು ಖರ್ಚು ಮಾಡಿ 3 ಸೋಡಿಯಂ ಅಯಾನುಗಳನ್ನು ಹೊರಗೆ ಹಾಕಿ, 2 ಪೊಟ್ಯಾಸಿಯಂ ಅಯಾನುಗಳನ್ನು ಒಳಗೆ ತರುತ್ತದೆ.

ಈ ಪಂಪ್ ಒಂದೇ ಪ್ರೋಟೀನಿನಿಂದ ಆದುದಲ್ಲ. ಆಲ್ಫಾ ಎಂಬ ದೊಡ್ಡ ಉಪಘಟಕ ಪೊರೆಯನ್ನು ಹತ್ತು ಬಾರಿ ಹಾದುಹೋಗುತ್ತದೆ. ಅಯಾನುಗಳನ್ನು ಸಾಗಿಸುವುದು ಅದೇ. ಬೀಟಾ ಎಂಬ ಚಿಕ್ಕ ಉಪಘಟಕ ಇಲ್ಲದಿದ್ದರೆ ಆಲ್ಫಾ ಸರಿಯಾಗಿ ಮಡಚಿಕೊಂಡು ಪೊರೆಯವರೆಗೆ ತಲುಪುವುದಿಲ್ಲ. ಕೆಲವು ಅಂಗಗಳಲ್ಲಿ ಮೂರನೆಯ ಪುಟ್ಟ ಪ್ರೋಟೀನ್ ಜೊತೆಗೂಡಿ ಪಂಪಿನ ಕೆಲಸವನ್ನು ಹದಗೊಳಿಸುತ್ತದೆ. ಡಿಗಾಕ್ಸಿನ್ ಹೊರಗಿನಿಂದ ಬಂದು ಅಂಟಿಕೊಳ್ಳುವುದು ಆಲ್ಫಾಕ್ಕೆ. ಆಗ ಪಂಪ್ ನಿಧಾನವಾಗಿ ಕೋಶದೊಳಗೆ ಸೋಡಿಯಂ ಹೆಚ್ಚುತ್ತದೆ. ಅದರಿಂದ ಕ್ಯಾಲ್ಸಿಯಂ ಹೊರಹೋಗುವುದು ಕಡಿಮೆಯಾಗಿ ಹೃದಯದ ಸ್ನಾಯು ಬಲವಾಗಿ ಸಂಕುಚಿಸುತ್ತದೆ. ಎಲ್ಲ ಜೀವಕೋಶಗಳಿಗೂ ಈ ಪಂಪ್ ಬೇಕು. ಆದ್ದರಿಂದಲೇ ಪ್ರಮಾಣ ಮೀರಿದರೆ ಮದ್ದೇ ವಿಷವಾಗುತ್ತದೆ.

ವಿದರಿಂಗ್ 1799ರಲ್ಲಿ ಕ್ಷಯದಿಂದ ತೀರಿಕೊಂಡರು. ಅವರ ಸ್ಮಾರಕದ ಮೇಲೆ ಫಾಕ್ಸ್‌ಗ್ಲೋವ್ ಗಿಡವನ್ನು ಕೆತ್ತಲಾಗಿದೆ. ಪ್ರಯೋಗಾಲಯದಲ್ಲಿ ನಿಮ್ಮ ಲೆಕ್ಕ ತಪ್ಪಿದ ದಿನ ಆ ಪುಟವನ್ನು ಹರಿದು ಹಾಕಬೇಡಿ. ಗುಣವಾಗದವರ ವಿವರವನ್ನೂ ವಿದರಿಂಗ್ ಬರೆದಿಟ್ಟಿದ್ದರಿಂದಲೇ ಮುಂದಿನ ವೈದ್ಯರಿಗೆ ಎಲ್ಲಿ ನಿಲ್ಲಿಸಬೇಕೆಂಬುದು ತಿಳಿಯಿತು.