ಸಬ್ಜಿ ಮಂಡಿಯ ಗುರು ಹನುಮಾನ್

ಕುಸ್ತಿಯಲ್ಲಿ ಭಾರತಕ್ಕೆ ಮೊದಲ ಒಲಿಂಪಿಕ್ಸ್ ಪದಕ ಬಂದದ್ದು 1952ರಲ್ಲಿ. ಹೆಲ್ಸಿಂಕಿಯಲ್ಲಿ ಕೆ.ಡಿ. ಜಾಧವ್ ಕಂಚು ಗೆದ್ದರು. ಎರಡನೆಯದು ಬಂದದ್ದು 2008ರಲ್ಲಿ, ಬೀಜಿಂಗ್‌ನಲ್ಲಿ. ನಡುವೆ 56 ವರ್ಷ ಖಾಲಿ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಾವೆಲ್ಲ ಈ ಎರಡು ಇಸವಿಗಳನ್ನು ಬಾಯಿಪಾಠ ಮಾಡಿರುತ್ತೇವೆ. ಆದರೆ ಆ 56 ವರ್ಷ ಕುಸ್ತಿಯ ದೀಪಕ್ಕೆ ಎಣ್ಣೆ ಹಾಕಿದವರು ಯಾರು ಎಂದು ಯಾವ ಪ್ರಶ್ನೆಪತ್ರಿಕೆಯೂ ಕೇಳುವುದಿಲ್ಲ. ಕೇಳಿದರೆ ಮೊದಲು ಬರೆಯಬೇಕಾದ ಹೆಸರು ಗುರು ಹನುಮಾನ್.

ಅವರ ನಿಜವಾದ ಹೆಸರು ವಿಜಯಪಾಲ್ ಯಾದವ್. ಹುಟ್ಟಿದ್ದು 1901ರ ಮಾರ್ಚ್ 15ರಂದು, ರಾಜಸ್ಥಾನದ ಝುಂಝುನು ಜಿಲ್ಲೆಯ ಚಿರಾವಾದಲ್ಲಿ. 1919ರಲ್ಲಿ ದೆಹಲಿಗೆ ಬಂದಾಗ ಅವರ ತಲೆಯಲ್ಲಿದ್ದದ್ದು ಅಂಗಡಿ. ಊರು ಬಿಟ್ಟು ಬೆಂಗಳೂರಿನ ಬಸ್ಸು ಹತ್ತುವ ನಮ್ಮ ಹುಡುಗರ ಹಾಗೆಯೇ, ಹದಿನೆಂಟರ ವಯಸ್ಸಿನಲ್ಲಿ ಹೊಟ್ಟೆಪಾಡಿಗಾಗಿ ಹೊರಟವರು. ಸಬ್ಜಿ ಮಂಡಿಯಲ್ಲಿ, ಬಿರ್ಲಾ ಮಿಲ್‌ನ ಹತ್ತಿರ ವ್ಯಾಪಾರಕ್ಕೆ ಕೂತರು. ಆದರೆ ಮನಸ್ಸೆಲ್ಲ ಕುಸ್ತಿಯ ಕಡೆಗಿತ್ತು. 1925ರಲ್ಲಿ ಬಿರ್ಲಾ ಮನೆತನದವರು ಅಖಾಡಕ್ಕೆಂದು ಜಾಗ ಕೊಟ್ಟರು. ಅದೇ ಬಿರ್ಲಾ ವ್ಯಾಯಾಮಶಾಲೆ. ಮದುವೆಯಾಗದೆ ಉಳಿದು, ಆರಾಧ್ಯದೈವ ಹನುಮಂತನ ಹೆಸರನ್ನೇ ಇಟ್ಟುಕೊಂಡು, ಮುಂದಿನ ಎಪ್ಪತ್ತಕ್ಕೂ ಹೆಚ್ಚು ವರ್ಷಗಳನ್ನು ಅವರು ಅಲ್ಲಿಯೇ ಕಳೆದರು.

ನಮ್ಮ ಗರಡಿಮನೆಗಳನ್ನು ನೋಡಿದವರಿಗೆ ಅಲ್ಲಿನ ದಿನಚರಿಯನ್ನು ಬಿಡಿಸಿ ಹೇಳಬೇಕಿಲ್ಲ. ಬೆಳಕು ಹರಿಯುವ ಮುನ್ನ ಏಳಬೇಕು, ಮಣ್ಣು ಅಗೆದು ಹದ ಮಾಡಬೇಕು, ದಂಡ, ಬಸ್ಕಿ, ಆಮೇಲೆ ಜೋಡಿ ಹಿಡಿಯಬೇಕು. ಹಾಲು, ತುಪ್ಪ, ಬಾದಾಮಿ ಧಾರಾಳ. ಮಾಂಸ ಮಾತ್ರ ನಿಷಿದ್ಧ. ಹುಡುಗರು ಅಲ್ಲೇ ಉಳಿದು ಅಲ್ಲೇ ಬೆಳೆಯುತ್ತಿದ್ದರು. ಗುರುಗಳ ಕೈಯಲ್ಲಿ ಕೋಲು ಇರುತ್ತಿತ್ತು. ಅದು ಬರೀ ಅಲಂಕಾರಕ್ಕಲ್ಲ. ಇಂದಿನ ಯಾವ ತರಬೇತುದಾರರೂ ಹಾಗೆ ಕೋಲು ಎತ್ತಬಾರದು ಎಂದೇ ನನ್ನ ಅಭಿಪ್ರಾಯ. ಆದರೂ ಏಟು ತಿಂದ ಶಿಷ್ಯರು ಅವರನ್ನು ತಂದೆಯ ಸ್ಥಾನದಲ್ಲಿಟ್ಟು ನೆನೆದರು. ಇದನ್ನೂ ಹೇಳದೆ ಹೋದರೆ ಚಿತ್ರ ಪೂರ್ತಿಯಾಗುವುದಿಲ್ಲ.

ಅವರ ಕಾಲದಲ್ಲಿ ಕುಸ್ತಿಯೇ ಬದಲಾಯಿತು. ಮಣ್ಣಿನ ಕುಸ್ತಿಯಲ್ಲಿ ಎದುರಾಳಿಯ ಬೆನ್ನು ನೆಲಕ್ಕೆ ತಾಗಿಸಿದರೆ ಆಟ ಮುಗಿಯಿತು. ಅಲ್ಲಿಯವರೆಗೆ ಕಾಯುವ ತಾಳ್ಮೆ, ತೂಕ, ಉಸಿರು ಇದ್ದವನೇ ರಾಜ. ಒಲಿಂಪಿಕ್ಸ್ ಕುಸ್ತಿ ನಡೆಯುವುದು ಮ್ಯಾಟ್ ಮೇಲೆ. ಅಲ್ಲಿ ಗಡಿಯಾರ ಓಡುತ್ತಿರುತ್ತದೆ, ಪ್ರತಿ ಪಟ್ಟಿಗೂ ಅಂಕವಿದೆ. ಆಗೆಲ್ಲ ಮೂರು ಮೂರು ನಿಮಿಷಗಳ ಮೂರು ಸುತ್ತು. ಮಣ್ಣಿನಲ್ಲಿ ಅರ್ಧ ಗಂಟೆ ಸೆಣಸಬಲ್ಲ ಪೈಲ್ವಾನ ಮ್ಯಾಟ್ ಮೇಲೆ ಎರಡೇ ನಿಮಿಷದಲ್ಲಿ ಅಂಕ ಕಳೆದುಕೊಂಡು ಪೆಚ್ಚಾಗುತ್ತಿದ್ದ. ಮಣ್ಣನ್ನು ದೇವರೆಂದು ನಂಬಿದ ಹಳೆಯ ಉಸ್ತಾದರಿಗೆ ಈ ಬದಲಾವಣೆ ಸುಲಭದ ತುತ್ತಾಗಿರಲಿಲ್ಲ. ಗುರು ಹನುಮಾನ್ ಮಣ್ಣು ಬಿಡಲಿಲ್ಲ, ಮ್ಯಾಟನ್ನು ದೂರ ಇಡಲೂ ಇಲ್ಲ. ದೇಸಿ ಪಟ್ಟುಗಳನ್ನೇ ಅಂತರರಾಷ್ಟ್ರೀಯ ನಿಯಮಗಳಿಗೆ ಹೊಂದಿಸಿದರು.

ಫಲ ಸಿಕ್ಕಿತು. 1970ರ ಎಡಿನ್‌ಬರೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ವೇದ್ ಪ್ರಕಾಶ್ ಮತ್ತು ಸುದೇಶ್ ಕುಮಾರ್ ಚಿನ್ನ ಗೆದ್ದರು. 1974ರಲ್ಲಿ ಕ್ರೈಸ್ಟ್‌ಚರ್ಚ್‌ನಲ್ಲಿ ಸುದೇಶ್ ಮತ್ತೊಮ್ಮೆ, ಜೊತೆಗೆ ಪ್ರೇಮ್ ನಾಥ್. ಇವೆರಡರ ನಡುವೆ 1972ರ ಮ್ಯೂನಿಕ್ ಒಲಿಂಪಿಕ್ಸ್ ಬಂತು. ಸುದೇಶ್ ನಾಲ್ಕನೇ ಸ್ಥಾನ, ಪ್ರೇಮ್ ನಾಥ್ ಕೂಡ ನಾಲ್ಕನೇ ಸ್ಥಾನ. ಒಂದೇ ಅಖಾಡದ ಇಬ್ಬರು ಹುಡುಗರು ಒಂದೇ ಕೂಟದಲ್ಲಿ ಪದಕದ ಮೆಟ್ಟಿಲವರೆಗೆ ಹೋಗಿ ವಾಪಸು ಬಂದರು. ಒಂದು ಅಂಕದಲ್ಲಿ ಆಯ್ಕೆಪಟ್ಟಿ ತಪ್ಪಿಸಿಕೊಂಡವರಿಗೆ ಆ ನಾಲ್ಕನೇ ಸ್ಥಾನದ ರುಚಿ ಗೊತ್ತಿರುತ್ತದೆ. ಏಷ್ಯನ್ ಕ್ರೀಡಾಕೂಟದಲ್ಲಿ ಕರ್ತಾರ್ ಸಿಂಗ್ 1978 ಮತ್ತು 1986ರಲ್ಲಿ, ಸತ್ಪಾಲ್ ಸಿಂಗ್ 1982ರಲ್ಲಿ ದೆಹಲಿಯಲ್ಲೇ ಚಿನ್ನ ಗೆದ್ದರು. ಗುರುವಿಗೆ 1983ರಲ್ಲಿ ಪದ್ಮಶ್ರೀ, 1987ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ಬಂತು. ಇಷ್ಟು ಸಾಮಾನ್ಯ ಜ್ಞಾನದ ಪುಸ್ತಕದಲ್ಲೂ ಸಿಗುತ್ತದೆ.

ಅಲ್ಲಿ ಸಿಗದ ಇನ್ನೊಂದು ಸಂಗತಿ ನನಗೆ ಪದಕಗಳಿಗಿಂತ ದೊಡ್ಡದಾಗಿ ಕಾಣುತ್ತದೆ. ಹಿಂದೆ ಜಟ್ಟಿಗಳನ್ನು ಅರಮನೆಗಳು ಸಾಕುತ್ತಿದ್ದವು. ನಮ್ಮ ಮೈಸೂರಿನಲ್ಲೂ ಹಾಗೇ ಇತ್ತು. ರಾಜರು ಹೋದ ಮೇಲೆ ಪೈಲ್ವಾನನಿಗೆ ಅನ್ನ ಹಾಕುವವರಿಲ್ಲದಂತಾಯಿತು. ತೋಳಿನಲ್ಲಿ ಕಸುವು ಇರುವವರೆಗೆ ಜಾತ್ರೆಗಳಲ್ಲಿ ಇನಾಮು ಸಿಗುತ್ತದೆ. ಮಂಡಿ ಸವೆದ ಮೇಲೆ ಯಾರೂ ಕೇಳುವುದಿಲ್ಲ. ವಯಸ್ಸಾದ ಪೈಲ್ವಾನರ ಪಾಡು ಕಂಡು, ಕುಸ್ತಿಪಟುಗಳಿಗೆ ನೌಕರಿ ಕೊಡಿ ಎಂದು ಗುರು ಹನುಮಾನ್ ಸರ್ಕಾರದ ಮುಂದೆ ಬೇಡಿಕೆ ಇಟ್ಟರು. ಇಂದು ರೈಲ್ವೆ, ಪೊಲೀಸ್, ಅರೆಸೇನಾ ಪಡೆಗಳಲ್ಲಿ ಕ್ರೀಡಾ ಕೋಟಾ ಎಂಬ ಸಾಲನ್ನು ಅಧಿಸೂಚನೆಯಲ್ಲಿ ಓದಿ ಮುಂದಕ್ಕೆ ಹೋಗುತ್ತೇವೆ. ಹಾಗೆ ದನಿ ಎತ್ತಿದವರಲ್ಲಿ ಇವರೂ ಒಬ್ಬರು.

ಆ ನೌಕರಿ ಏನು ಮಾಡಿತು ನೋಡಿ. ಕರ್ತಾರ್ ಪಂಜಾಬ್ ಪೊಲೀಸ್ ಇಲಾಖೆಯಲ್ಲಿ ಉನ್ನತ ಹುದ್ದೆಗೇರಿದರು. ಸತ್ಪಾಲ್ ದೆಹಲಿ ಸರ್ಕಾರದ ಶಿಕ್ಷಣ ಇಲಾಖೆಯಲ್ಲಿ, ಕ್ರೀಡಾ ವಿಭಾಗದ ಅಧಿಕಾರಿಯಾದರು. ತಿಂಗಳ ಸಂಬಳ ಇದ್ದುದರಿಂದ ಅವರು ಹೊಟ್ಟೆಪಾಡಿಗೆ ಕುಸ್ತಿ ಬಿಡಬೇಕಾಗಲಿಲ್ಲ. ಸರ್ಕಾರದ್ದೇ ಆದ ಛತ್ರಸಾಲ್ ಕ್ರೀಡಾಂಗಣದಲ್ಲಿ ಹುಡುಗರನ್ನು ಕಟ್ಟಿಕೊಂಡು ತರಬೇತಿ ಶುರುಮಾಡಿದರು. ಹಾಗೆ ಬಂದ ಹುಡುಗರಲ್ಲಿ ಒಬ್ಬರು ಸುಶೀಲ್ ಕುಮಾರ್.

ತೊಂಬತ್ತು ದಾಟಿದ ಮೇಲೂ ಗುರುಗಳು ಅಖಾಡ ಬಿಟ್ಟಿರಲಿಲ್ಲ. 1999ರ ಮೇ 24ರಂದು ಹರಿದ್ವಾರಕ್ಕೆ ಹೊರಟಿದ್ದಾಗ ಮೀರತ್ ಬಳಿ ಕಾರು ಅಪಘಾತಕ್ಕೀಡಾಗಿ ತೀರಿಕೊಂಡರು. ಆಗ ಅವರಿಗೆ 98 ವರ್ಷ.

ಒಂಬತ್ತು ವರ್ಷಗಳ ನಂತರ ಬೀಜಿಂಗ್‌ನಲ್ಲಿ ಸುಶೀಲ್ ಕಂಚು ಗೆದ್ದರು. ಸಬ್ಜಿ ಮಂಡಿಯ ಗುರುವಿಗೆ ಅವರು ಶಿಷ್ಯನ ಶಿಷ್ಯ. 2012ರಲ್ಲಿ ಲಂಡನ್‌ನಲ್ಲಿ ಸುಶೀಲ್‌ಗೆ ಬೆಳ್ಳಿ, ಯೋಗೇಶ್ವರ್ ದತ್‌ಗೆ ಕಂಚು. ಟೋಕಿಯೊದಲ್ಲಿ ರವಿ ದಹಿಯಾಗೆ ಬೆಳ್ಳಿ. 2024ರಲ್ಲಿ ಪ್ಯಾರಿಸ್‌ನಲ್ಲಿ ಅಮನ್ ಸೆಹ್ರಾವತ್‌ಗೆ ಕಂಚು. ಇವರೆಲ್ಲರೂ ಛತ್ರಸಾಲ್‌ನ ಮ್ಯಾಟ್ ಮೇಲೆ ಪಳಗಿದವರು.